ವೀರಭದ್ರಯ್ಯನವರ ಲೈಸೆನ್ಸು

ಒಂದೂರಲ್ಲಿ ಒಂದು ಪೆಟ್ಟಿಗೆ, ಅದು ಯಜಮಾನನ ಕೈಗಷ್ಟೇ ತೆರೆಯುತ್ತಿತ್ತಂತೆ ಎಂದು ಅಜ್ಜಿ ಕಥೆ ಶುರು ಮಾಡುತ್ತಿದ್ದಳು. ಆ ಪೆಟ್ಟಿಗೆ ನನಗೆ ಸಿಕ್ಕಿದ್ದು ಕಾಶಿಯ ಭೇಲೂಪುರದಲ್ಲಿ, ಹಾಡುಹಗಲಲ್ಲಿ.

ಅಲ್ಲಿನ ಲಿಂಗಾಯತ ಮಠದ ಕನ್ನಡ ಪುಸ್ತಕಗಳನ್ನು ಟೈಪ್ ಮಾಡುತ್ತಿದ್ದ ವೀರಭದ್ರಯ್ಯನವರು ತೀರಿಹೋಗಿ ಹತ್ತು ದಿನವಾಗಿತ್ತು. ಅವರು ಅರ್ಧಕ್ಕೆ ಬಿಟ್ಟ ವಚನಗಳ ಪುಸ್ತಕವನ್ನು ಮರುದಿನದ ಶಿವಗಣಾರಾಧನೆಗೆ, ಅಂದರೆ ಅವರ ಹನ್ನೊಂದನೆಯ ದಿನದ ಊಟಕ್ಕೆ, ಮುಗಿಸಿಕೊಡುವುದಾಗಿ ಅವರ ಹೆಂಡತಿ ಬಸವಣ್ಣೆಮ್ಮನಿಗೆ ಮಾತು ಕೊಟ್ಟಿದ್ದೆ. ಅದು ಅವರ ಮನೆಯ ಕಂಪ್ಯೂಟರಿನ ಹಳೇ ಕನ್ನಡ ಸಾಫ್ಟ್‌ವೇರಿನಲ್ಲಿ ಮಾತ್ರ ತೆರೆಯುತ್ತಿತ್ತು. ಎಷ್ಟು ಸಲ ಒತ್ತಿದರೂ ಪರದೆಯ ಮೇಲೆ ಒಂದೇ ಸಾಲು: "ಈ ಲೈಸೆನ್ಸನ್ನು ವೀರಭದ್ರಯ್ಯ ಈಗ ಬಳಸುತ್ತಿದ್ದಾರೆ. ಕಾಯಿರಿ."

ಕೀಲಿಮಣೆಯ ಸಂದಿಗಳಲ್ಲಿ ಒದ್ದೆ ವಿಭೂತಿ ಲೋಳೆಯಂತೆ ಮೆತ್ತಿಕೊಂಡಿತ್ತು. ಒರೆಸಿದೆ. ಮತ್ತೆ ಜಿನುಗಿತು, ಬೆಚ್ಚಗೆ, ಎಂಜಲಿನ ನಾತದೊಂದಿಗೆ.

"ಇದ್ದಾಗೂ ಹಿಂಗ ಅವರು," ಎಂದರು ಬಸವಣ್ಣೆಮ್ಮ. "ತಾಟು ತಂದಿಡೂತನಕ ಕುರ್ಚಿ ಬಿಡ್ತಿದ್ದಿಲ್ಲ. ನೀ ಏಳವ್ವಾ."

ಮೊಸರನ್ನದ ತಾಟನ್ನು ಕಂಪ್ಯೂಟರಿನ ಮುಂದಿಟ್ಟು, ಬಾಗಿಲು ಎಳೆದುಕೊಂಡು, ನನ್ನನ್ನು ಐದು ನಿಮಿಷ ಹೊರಗೆ ಕೂರಿಸಿಕೊಂಡರು.

ಒಳಗೆ ಬಂದಾಗ ತಾಟಿನಲ್ಲಿ ಅನ್ನ ಅಗಿದು ಉಗುಳಿದ ಹಾಗಿತ್ತು. ಕುರ್ಚಿ ಹಸಿಮಣ್ಣಿನಂತೆ ತಣ್ಣಗಿತ್ತು. ಪರದೆಯ ಮೇಲಿನ ಸಾಲು ಹೋಗಿ ಪುಸ್ತಕ ತೆರೆದುಕೊಂಡಿತ್ತು. ಸೆರಗಿನ ತುದಿಯಿಂದ ಒಂದೊಂದೇ ಕೀಲಿ ಒತ್ತಿದೆ.

ಅವರು ತೀರಿಕೊಂಡ ದಿನ ಹನ್ನೊಂದು ಪುಟ ಬಾಕಿ ಇತ್ತು. ಅದರಲ್ಲಿ ಒಂಬತ್ತು ಈ ಹತ್ತು ದಿನಗಳಲ್ಲಿ ಟೈಪಾಗಿದ್ದವು. ಉಳಿದೆರಡನ್ನು ಮುಗಿಸಿ, ಸಂಜೆಯೊಳಗೆ ಪುಸ್ತಕ ಮುದ್ರಿಸಿ ಬಸವಣ್ಣೆಮ್ಮನ ಕೈಗಿಟ್ಟೆ.