ಕಂಬದ ತುದಿಯ ಮೀನು

ಮೆಕ್ಯಾನಿಕ್ ಮತ್ತೆ ದೋಣಿ ಹತ್ತಿದಾಗ ನಾನು ಚಹಾ ಬೇಕೇ ಎಂದು ಕೇಳಲಿಲ್ಲ.

"ಮತ್ತೆ ಕೆಂಪು ದೀಪಾನಾ?" ಎಂದ.

"ನೀವು ಹೋದ ಕೂಡಲೇ. ನೀವು ಹಾಕಿದ ಈ ಫೋನ್ ಸಿಗ್ನಲ್ ಬೂಸ್ಟರ್‌ಗೆ ನಿಮ್ಮ ಮುಖ ಕಂಡ್ರೆ ಮಾತ್ರ ಹಸಿರು."

"ಅದಕ್ಕಾದ್ರೂ ಹಿಡಿಸ್ತಲ್ಲ ನನ್ನ ಮುಖ."

ನಗು ಬರುವುದರಲ್ಲಿತ್ತು, ತಡೆದೆ. ಈ ದೋಣಿಯೇ ನನ್ನ ಮನೆ. ಗಂಡ ತೀರಿಕೊಂಡ ಮೇಲೂ ಇಲ್ಲೇ ಇದ್ದೇನೆ. ಫೋನ್ ಸಿಗದಿದ್ದರೆ ದಡದಲ್ಲಿರುವ ಅತ್ತೆಗೆ ಕೈಕಾಲು ಆಡುವುದಿಲ್ಲ, ಮಗನನ್ನು ಕಳೆದುಕೊಂಡವರು. ಈ ವಾರ ಸರಿಯಾಗದಿದ್ದರೆ ದೋಣಿ ಮಾರಿ ತಮ್ಮ ಮನೆಗೇ ಬಂದು ಇರಬೇಕೆಂದು ಖಡಾಖಂಡಿತವಾಗಿ ಹೇಳಿದ್ದರು.

ಅವನು ಕ್ಯಾಬಿನ್‌ನಲ್ಲಿ ಮಂಡಿಯೂರಿ ವೈರು ನೋಡಿದ.

"ಹೊರಗಿನ ಆಂಟೆನಾ, ಒಳಗಿಂದು, ಎರಡೂ ತೀರಾ ಹತ್ತಿರ ಇವೆ. ಒಂದರ ಕಿವೀಲಿ ಇನ್ನೊಂದು ಕೂಗ್ತಿದೆ. ಟವರ್ ಮಾತು ಯಾರಿಗೂ ಕೇಳಿಸ್ತಿಲ್ಲ."

"ಹಾಗಾದ್ರೆ ದೂರ ಇಡಿ! ಅದನ್ನೂ ನಾನೇ ಹೇಳ್ಕೊಡ್ಬೇಕಾ?"

"ಎತ್ತರ ಇರೋದು ದೋಣಿ ಕಂಬದ ತುದಿ ಒಂದೇ. ಅಲ್ಲಿ ಕೈ ಹಾಕ್ಬೇಡಿ ಅಂದಿದ್ದು ನೀವೇ."

ಕಂಬದ ತುದಿಯಲ್ಲಿ ಒಂದು ತಗಡಿನ ಮೀನಿದೆ. ಗಾಳಿ ಬಂದ ಕಡೆ ಮೂತಿ ತಿರುಗಿಸುತ್ತದೆ. ನನ್ನ ಗಂಡ ಎಣ್ಣೆ ಡಬ್ಬ ಕತ್ತರಿಸಿ ಮಾಡಿದ್ದು. ಬಾಲ ಸೊಟ್ಟ.

"ಮೊದಲೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದ್ರೆ ಮೀನು ಮುಟ್ಟಬೇಕಾಗ್ತಿತ್ತು." ಒರೆಸಿದ್ದ ಸ್ಕ್ರೂಡ್ರೈವರನ್ನೇ ಮತ್ತೆ ಒರೆಸಿದ. "ನೀವು ಅದನ್ನ ನೋಡೋದನ್ನ ನಾನು ನೋಡಿದೀನಿ. ಬೇರೆ ಎಲ್ಲಾ ಕಡೆ ಇಟ್ಟು ನೋಡೋಣ ಅಂದ್ಕೊಂಡೆ. ಬಂದು ಹೋಗೋದು ನನಗೇನೂ ಬೇಜಾರಿರ್ಲಿಲ್ಲ."

ಕೋಪ ಉಕ್ಕಿ ಬಂತು. ಎಷ್ಟೋ ಕಾಲದ ಮೇಲೆ ಮನಸ್ಸಿಗೆ ಏನೋ ಒಂದು ಬಂತಲ್ಲ ಅನ್ನಿಸಿತು.

"ಇಳಿಸಿ," ಎಂದೆ.

ಅವನು ಕಂಬ ಹತ್ತಿದ. ಇಳಿದು ಬಂದಾಗ ಕೈ ಖಾಲಿ. ಮೇಲೆ ಒಂದು ಅಡ್ಡಪಟ್ಟಿ. ಅದರ ಈ ಕೊನೆಗೆ ಆಂಟೆನಾ, ಆ ಕೊನೆಗೆ ಮೀನು.

"ಇಳಿಸಿ ಅಂದೆನಲ್ಲ!"

"ಮುಟ್ಟೋಕೆ ಬಿಟ್ರಲ್ಲ, ಅಷ್ಟು ಸಾಕು. ಸ್ವಲ್ಪ ಪಕ್ಕಕ್ಕೆ ಸರಿಸಿದೆ."

ಒಳಗೆ ಹಸಿರು ದೀಪ ಹೊತ್ತಿತು. ಹಿಂದೆಯೇ ಫೋನ್.

"ಪಕ್ಕದಲ್ಲೇ ಕೂತ ಹಾಗೆ ಕೇಳಿಸ್ತಿದೆ ಕಣೇ!" ಅತ್ತೆಯ ದನಿ. "ಹಾಗಾದ್ರೆ ದೋಣಿ ಇರ್ಲಿ ಬಿಡು. ಆ ಮೆಕ್ಯಾನಿಕ್ ಹೋದ್ನಾ?"

ಅವನು ಚೀಲ ಕಟ್ಟುತ್ತಿದ್ದ. ಒಂದು ಗಂಟಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"ಇಲ್ಲ ಅತ್ತೆ. ಚಹಾ ಕುಡಿದು ಹೋಗ್ತಾರೆ."

ಆ ಕಡೆ ಮೌನ. ಸಿಗ್ನಲ್ ಹೋಯಿತೇ ಎಂದು ದೀಪ ನೋಡಿದೆ. ಹಸಿರೇ ಇತ್ತು.

"ಸಕ್ಕರೆ ಸರಿಯಾಗಿ ಹಾಕು," ಎಂದರು ಅತ್ತೆ. "ನಿನ್ನ ಚಹಾ ಕುಡಿದು ಓಡಿ ಹೋದಾನು."