ಒರಗು ಸೈಕಲ್ಲಿನ ನಾಲ್ಕನೆಯ ಅಳತೆ

"ಸೀಬ್ರೆನ್, ಈ ಸೈಕಲ್ಲನ್ನ ನೀವೇ ಇಟ್ಕೊಳ್ಳಿ. ಕಾಲುವೆಗೆ ಎಸೆದ್ರೂ ನನಗೇನೂ ಬೇಜಾರಿಲ್ಲ!"

ಸೈಕಲ್ ಶೆಡ್ಡಿನ ಅಂಗಳದಲ್ಲಿ ನಿಂತು ವಿಟ್ಸ್ಕೆ ಕೂಗಿದ ರಭಸಕ್ಕೆ ಒಡ್ಡಿನ ಮೇಲೆ ಮೇಯುತ್ತಿದ್ದ ಕುರಿಗಳೂ ತಲೆಯೆತ್ತಿದವು. ದೇವರು ಈ ಕಡಲಂಚಿನ ನಾಡಾದ ಫ್ರೀಸ್‌ಲ್ಯಾಂಡಿನವರಿಗೆ ಗಾಳಿಯನ್ನೂ ತಾಳ್ಮೆಯನ್ನೂ ಸಮನಾಗಿ ತೂಗಿ ಕೊಟ್ಟನಂತೆ. ಇವಳ ಪಾಲಿಗೆ ಗಾಳಿಯೇ ಹೆಚ್ಚು ಬಿದ್ದಿತ್ತು.

ಬೆನ್ನಿನ ಡಿಸ್ಕ್ ಜಾರಿದ ಮೇಲೆ ಡಾಕ್ಟರು ಅವಳಿಗೆ ಮಾಮೂಲಿ ಸೈಕಲ್ ತುಳಿಯಬಾರದೆಂದಿದ್ದರು. ವರ್ಷದಿಂದ ಹಸು, ಕೊಟ್ಟಿಗೆ, ಅಡುಗೆಮನೆ, ಅಷ್ಟೇ ಲೋಕ. ಅದಕ್ಕೇ ಈ ಒರಗು ಸೈಕಲ್: ಆರಾಮಕುರ್ಚಿಯಲ್ಲಿ ಕೂತಂತೆ ಬೆನ್ನು ಕೊಟ್ಟು, ಕಾಲು ಮುಂದೆ ಚಾಚಿ ತುಳಿಯುವುದು. ಪೆಂಟೆಕೋಸ್ತ್ ಹಬ್ಬದ ಭಾನುವಾರ ಎಂಟು ಕಿಲೋಮೀಟರ್ ತಾನೇ ತುಳಿದು ಚರ್ಚಿಗೆ ಹೋಗಬೇಕೆಂದು ಅವಳ ಆಸೆ. ಉಳಿದದ್ದು ಎರಡು ದಿನ.

"ಮತ್ತೇನಾಯ್ತು?" ಸೈಕಲ್ ಕಟ್ಟಿಕೊಟ್ಟ ಸೀಬ್ರೆನ್ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಏನಾಗ್ಲಿಲ್ಲ ಅಂತ ಕೇಳಿ! ನಿಮ್ಮ ಅಂಗಳದಲ್ಲಿ ಹಂಸದ ಹಾಗೆ ಹೋಗುತ್ತೆ. ಮಾರನೇ ದಿನ ರಸ್ತೆಯಲ್ಲಿ ಕುಡುಕನ ಹಾಗೆ ತೂರಾಡುತ್ತೆ. ತೋಳು ಸೆಟೆದು ಹೋಗುತ್ತೆ. ಹೋದ ವಾರ ಹ್ಯಾಂಡಲ್ ಹತ್ತಿರ ಮಾಡಿಕೊಟ್ರಿ, ಈಗ ತಿರುಗಿಸಿದ್ರೆ ಮಂಡಿಗೆ ಬಡಿಯುತ್ತೆ!"

"ನೀವು ಬಿಗಿಯಾಗಿ ಹಿಡೀತೀರಿ. ಹಕ್ಕಿಮರಿ ಹಿಡಿದ ಹಾಗೆ ಹಿಡೀಬೇಕು."

"ಹಕ್ಕಿಮರಿಯಂತೆ! ನಾಲ್ಕು ವಾರದಿಂದ ಬರ್ತಿದ್ದೀನಿ. ಮತ್ತೆ ಬರ್ಲಿ ಅಂತ ಬೇಕಂತಲೇ ಕೆಡಿಸಿ ಕಳಿಸ್ತೀರಾ?"

ಅವನ ಕಿವಿ ಕೆಂಪಾಯಿತು. "ಕೆಲಸದಲ್ಲಿ ಮೋಸ ಮಾಡೋನಲ್ಲ ನಾನು. ಕೂತ್ಕೊಳ್ಳಿ."

ಕೂತಳು. ಹಿಮ್ಮಡಿ ಪೆಡಲಿಗೆ ತಾಗಿತು, ಕಾಲು ನೆಟ್ಟಗಾಯಿತು. ಭುಜ ಸೀಟಿಗೆ ಒರಗಿತ್ತು, ಮೊಣಕೈ ಸಡಿಲವಾಗಿ ಮಡಿಚಿತ್ತು.

"ಸರಿಯಾಗೇ ಇದೆಯಲ್ಲ?"

"ಇಲ್ಲಿ ಸರಿ ಇರುತ್ತೆ, ಅದೇ ನನ್ನ ಗೋಳು!" ಅವಳು ರೋಸಿ ಕಾಲು ಝಾಡಿಸಿದಳು. ಕೊಟ್ಟಿಗೆ ಕೆಲಸಕ್ಕೆ ಹಾಕುವ, ದಪ್ಪ ಅಡಿಯ ಮರದ ಬೂಟು ಎಡಗಾಲಿನಿಂದ ಹಾರಿ ಕಲ್ಲುಹಾಸಿನ ಮೇಲೆ ಟಕ್ಕೆಂದು ಬಿತ್ತು.

ಕಾಲುಚೀಲದ ಪಾದ ಪೆಡಲಿಗೆ ಎರಡು ಬೆರಳಷ್ಟು ಎಟುಕದೆ ಗಾಳಿಯಲ್ಲಿ ನಿಂತಿತು. ಇಬ್ಬರೂ ಅದನ್ನೇ ನೋಡಿದರು.

"ರಸ್ತೆಯಲ್ಲಿ ಏನು ಹಾಕ್ಕೋತೀರಿ?"

"ಕ್ಯಾನ್ವಾಸ್ ಶೂ. ಈ ಮರದ ಬೂಟು ಹಾಕ್ಕೊಂಡು ಯಾರಾದ್ರೂ ದೂರ ತುಳೀತಾರಾ? ಇಲ್ಲಿಗೆ ಬರೋದು ಕೊಟ್ಟಿಗೆಯಿಂದ ನೇರ, ವ್ಯಾನಲ್ಲಿ."

"ಅಯ್ಯೋ ದೇವರೇ! ಕಾಲು ಎಟುಕದೆ ನೀವು ಸೀಟಲ್ಲಿ ಕೆಳಗೆ ಜಾರ್ತೀರಿ. ಹ್ಯಾಂಡಲ್ ಹಿಡಿದು ಜೋತಾಡ್ತೀರಿ. ಅದಕ್ಕೇ ಓಲಾಟ."

"ಮೂರು ಸಲ ಅಳತೆ ತಗೊಂಡು ಇವತ್ತು ನಾಲ್ಕನೇದು! ಇಷ್ಟು ದೊಡ್ಡ ಬೂಟು ಕಾಣಿಸಲಿಲ್ವಾ? ಎಲ್ಲಿ ನೋಡ್ತಿದ್ರಿ?"

ಅವನು ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ನಿಮ್ಮ ಮುಖಾನ. ಬೆನ್ನು ನೋಯ್ತಿದೆಯಾ ಅಂತ ನೋಡೋಕೆ ಶುರು ಮಾಡಿದ್ದು... ಆಮೇಲೆ ಕಣ್ಣು ಕೆಳಗಿಳೀಲಿಲ್ಲ."

ವಿಟ್ಸ್ಕೆ ವ್ಯಾನಿನಿಂದ ಶೂ ತಂದು ಹಾಕಿಕೊಂಡಳು. ಅವನು ಪೆಡಲು ಕೂರಿಸಿದ ಮುಂದಿನ ಕೊಳವೆಯನ್ನು ಸೀಟಿನ ಕಡೆಗೆ ಎರಡು ಬೆರಳಷ್ಟು ಒಳಕ್ಕೆ ಸರಿಸಿದ, ಚೈನು ಗಿಡ್ಡ ಮಾಡಿದ, ಹ್ಯಾಂಡಲನ್ನು ಮಂಡಿಯಿಂದ ದೂರ ಒಯ್ದ. ತಲೆ ಎತ್ತಲಿಲ್ಲ.

ಅವಳು ತುಳಿದಳು. ಗೇಟು ದಾಟಿದಳು. ಒಡ್ಡಿನ ತಿರುವಿನಲ್ಲಿ ಮರೆಯಾದಳು.

ಹಿಂದಿರುಗಲಿಲ್ಲ.

ಅವಳಿಗೆಂದು ಬಗ್ಗಿಸಿಟ್ಟ ಕಾಫಿ ಆರಿತು. ಬೇಸತ್ತು ಹೋದಳೋ, ಬಿದ್ದಳೋ? ಸೀಬ್ರೆನ್ ತನ್ನ ಹಳೆಯ ಸೈಕಲ್ ಎಳೆದುಕೊಂಡು ಎದುರುಗಾಳಿಯಲ್ಲಿ ಹೊರಟ.

ಕಾಲುವೆಯ ಎತ್ತುಸೇತುವೆ ದೋಣಿಗಳಿಗೆ ದಾರಿ ಬಿಡಲು ಮೇಲೆದ್ದಿತ್ತು. ಅದರ ಮುಂದೆ ಅವಳು ಆರಾಮಾಗಿ ಒರಗಿದ್ದಳು, ಹ್ಯಾಂಡಲಿನ ಮೇಲೆ ಬೆರಳ ತುದಿಗಳಷ್ಟೇ. ಕಣ್ಣು ಒದ್ದೆಯಾಗಿತ್ತು.

"ನೋವಾ?" ಅವನು ಏದುಸಿರು ಬಿಟ್ಟ.

"ಒಂದು ಚೂರೂ ಇಲ್ಲ. ಬರೋಕೆ ಇಷ್ಟು ಹೊತ್ತಾ? ಮೂರು ದೋಣಿ ಹೋದ್ವು."

"ಸಿಟ್ಟು ಇಳಿದಿಲ್ಲ ಅಂದ್ಕೊಂಡೆ."

"ಇಳಿದಿಲ್ಲ. ನಾಲ್ಕು ವಾರ ಮುಖ ನೋಡ್ತಾ ಒಂದು ಮಾತೂ ಆಡದವನ ಮೇಲೆ ಅಷ್ಟು ಬೇಗ ಇಳಿಯುತ್ತಾ?" ಅವಳು ನೀರಿನ ಕಡೆ ತಿರುಗಿದಳು. "ಭಾನುವಾರ ಚರ್ಚಲ್ಲಿ ನನ್ನ ಬೆಂಚಲ್ಲೇ ಕೂತ್ಕೋ. ಪಕ್ಕದಲ್ಲಿ. ಊರು ಬೇಕಾದ್ದು ಮಾತಾಡ್ಕೊಳ್ಳಲಿ."

ಸೇತುವೆ ನಿಧಾನವಾಗಿ ಇಳಿದು ದಾರಿಯಾಯಿತು. ಹಿಂದೆ ಕಾಯುತ್ತಿದ್ದ ಟ್ರ್ಯಾಕ್ಟರಿನವನು ಎರಡು ಸಲ ಹಾರ್ನ್ ಹೊಡೆದ. ಮುಂದಿದ್ದ ಇಬ್ಬರಲ್ಲಿ ಯಾರೂ ಕದಲಲಿಲ್ಲ.