ಹಲಸಿಯ ಗುಂಡಿ, ಖಾನಾಪುರದ ಬಳೆ

ನಾನು ಕೈ ಎತ್ತಿದರೆ ಜೆಸಿಬಿ ನಿಲ್ಲಬೇಕು. ಹಲಸಿಯಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಹಳೆಯದೇನಾದರೂ ಸಿಕ್ಕೀತೇ ಎಂದು ಪುರಾತತ್ವ ಇಲಾಖೆಯ ಪರವಾಗಿ ಕಾಯುವುದು ನನ್ನ ಕೆಲಸ.

ಮೊದಲ ದಿನ ಆರು ಸಲ ಎತ್ತಿದೆ. ಆರೂ ಸಲ ಹಂಚಿನ ಚೂರು. ಸೈಟ್ ಎಂಜಿನಿಯರ್ ಶಶಿಧರ ನಕ್ಕರು.

"ಮನಿಷಾ ಮೇಡಂ, ಕೈ ಎತ್ತೂದು ಚಟಾ ಆಗೇತೇನ್ರಿ?"

"ನಿಮಗ ನೋಡೂದು ಚಟಾ ಆಗೇತಿ."

ಗಂಡ ತೀರಿಕೊಂಡ ಎರಡು ವರ್ಷಗಳಲ್ಲಿ ನಾನಾಡಿದ ಮೊದಲ ತಮಾಷೆ ಅದು.

ಆಮೇಲೆ ಬಿಸಿಲು ತಿರುಗಿದಂತೆಲ್ಲ ನನ್ನ ಕುರ್ಚಿ ನೆರಳಿಗೆ ಸರಿಯತೊಡಗಿತು. ಸರಿಸಿದವರತ್ತ ನೋಡಿದರೆ ಅವರು ನಕ್ಷೆ ನೋಡುತ್ತಿರುತ್ತಿದ್ದರು.

ಹನ್ನೆರಡನೆಯ ದಿನ, ಇಳಿಸಂಜೆ, ಜೆಸಿಬಿಯ ಬಕೆಟ್ಟಿಗೆ ಕಲ್ಲು ತಾಗಿತು. ಮಣ್ಣು ಸರಿಸಿದೆ. ಕೆತ್ತಿದ ಒಂದು ಕೈ, ತುಂಬ ಬಳೆ. ಮಾಸ್ತಿಕಲ್ಲು. ಗಂಡನ ಚಿತೆ ಏರಿದವಳದು.

"ಎಷ್ಟ ದಿನ ಕೆಲಸಾ ನಿಲ್ಲತೈತ್ರಿ?"

"ಒಂದ್ ತಿಂಗಳರೆ."

ಶಶಿಧರ ನನ್ನ ಬರಿಗೈ ನೋಡಿದರು.

"ಆಕಿಗೆ ಸತ್ತರೂ ಬಳಿ ಅದಾವ. ನಿಮಗ್ಯಾಕ ಇಲ್ರಿ? ನಾಳೆ ಸಂಜೀಕ ಬೆಳಗಾವಿಗೆ ನಮ್ಮ ಅವ್ವನ್ನ ಭೆಟ್ಟಿ ಆಗೂಣು. ಹಸರ ಬಳಿ ಇಡಿಸ್ಕೊಂಡ ಬರ್ರಿ. ಫೋಟೋ ನಾಳೆ ತಗದ್ರಾತು, ಬೆಳಕಿಲ್ಲ."

ಬೆಳಿಗ್ಗೆ ಖಾನಾಪುರದ ಬಸ್ಸಿಗೆ ಅವರೇ ಹತ್ತಿಸಿದರು. "ನೀವ್ ಬರೂತನಕ ಮಶೀನ್ ಚಾಲೂ ಮಾಡಂಗಿಲ್ಲ." ಹಾಜರಿ ಹಾಳೆ ಚಾಚಿದರು. ಇಡೀ ದಿನ ಗುಂಡಿಯ ಬಳಿ ಇದ್ದೆ ಎನ್ನುವ ಹಾಳೆ. ಸಹಿ ಮಾಡಿದೆ.

ಬಳೆಗಾರ್ತಿ ರೇಣವ್ವ ನನ್ನ ಕೈ ಹಿಸುಕಿದಳು. "ಭಾಳ ಬಿರಸಾಗೇತಿ ತಂಗಿ. ಎಷ್ಟ ವರ್ಷಾತು ಬಳಿ ಇಟ್ಟು?"

ಮೂರು ಒಡೆದವು. ಹನ್ನೆರಡು ಏರಿದವು. ಅತ್ತುಬಿಟ್ಟೆ. ಗಂಡನ ಹೆಣದ ಮುಂದೆ ಅತ್ತಿರಲಿಲ್ಲ.

ಮರಳಿದಾಗ ಗುಂಡಿ ಇರಲಿಲ್ಲ. ಹಸಿ ಕಾಂಕ್ರೀಟು. ಜೆಸಿಬಿ ಓಡಿಸುವ ಮಾಯಪ್ಪ ಮುಖ ತಿರುಗಿಸಿದ.

"ಕಲ್ಲು?"

"ಒಡದ ತಳಕ್ಕ ಹಾಕಿಸ್ಯಾರ್ರಿ ಅಕ್ಕಾರ. ನೀವ ಹೂಂ ಅಂದೀರಿ ಅಂತ ಸಾಹೇಬ್ರು ಅಂದ್ರು."

ಶಶಿಧರ ಬಂದು ನನ್ನ ಕೈ ಹಿಡಿದರು. ಮೆತ್ತಗೆ, ಬಳೆ ಒಡೆಯದಂತೆ.

"ಚಂದ ಕಾಣತಾವ. ನಡೀರಿ, ಅವ್ವ ಕಾಯಾಕತ್ತಾಳ. ನನ್ನ ಪ್ರೀತಿ ಖರೇ ಐತಿ ಮನಿಷಾ. ಕಲ್ಲಿನ ಮಾತ ಬ್ಯಾರೆ."

"ನಾ ರಿಪೋರ್ಟ್ ಬರದರ?"

"ಹಾಳಿ ಮ್ಯಾಲ ನಿಮ್ಮ ಸಹಿ ಐತಿ. ನೌಕರಿ ಹೋದ್ರ ನಿಮ್ಮದ ಹೋಗತೈತಿ."

ಕೈ ಬಿಡಿಸಿಕೊಂಡೆ. ರಸ್ತೆಯ ಬದಿಗೆ ನಿಂತು ಫೋನಿನಲ್ಲಿ ಬರೆದೆ: 'ಮಾಸ್ತಿಕಲ್ಲು ನಾಶವಾಗಿದೆ. ಹಾಜರಿ ಹಾಳೆಯ ನನ್ನ ಸಹಿ ಸುಳ್ಳು. ಇಂದು ಬೆಳಿಗ್ಗೆ ಹನ್ನೊಂದಕ್ಕೆ ನಾನು ಖಾನಾಪುರದಲ್ಲಿ ಬಳೆ ತೊಡುತ್ತಿದ್ದೆ.'

ಕಚೇರಿಗೆ ಕಳಿಸಿದೆ.

ಬಸ್ಸು ಬಂತು. ಕೈ ಎತ್ತಿದೆ. ಬಳೆ ಸದ್ದಾಯಿತು. ಬಸ್ಸು ನಿಂತಿತು.